ಮನೆ ಕಟ್ಟುವವನ ಹೊಣೆ

ಹೊಸ ಮನೆಯನ್ನು ಕಟ್ಟುವವನಿಗೆ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನದಲ್ಲಿ ಒಂದು ಆಜ್ಞೆಯುಂಟು. ಮಾಳಿಗೆಯ ಅಂಚಿಗೆ ಕೈಪಿಡಿಗೋಡೆಯನ್ನು ಕಟ್ಟಿಸತಕ್ಕದ್ದು. ಕಟ್ಟಿಸದೆ ಯಾವನಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧವು ಮನೆಯ ಮೇಲೆ ನಿಲ್ಲುವದು ಎಂಬದೇ ಅದರ ತಾತ್ಪರ್ಯ. ಬಿದ್ದವನು ತಾನೇ ಎಚ್ಚರದಿಂದ ನಡೆಯಬೇಕಾಗಿತ್ತೆಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಯಾರೂ ಬೀಳುವದಕ್ಕೆ ಮುಂಚೆಯೇ ಗೋಡೆ ಇರಬೇಕು. ಅದನ್ನು ಇಡುವ ಹೊಣೆ ಮನೆಯವನದು.

ಆದರೆ ಮಾಳಿಗೆ ಮುಗಿಯುವದಕ್ಕೆ ಮೊದಲು, ಮನೆ ಏಳುತ್ತಿರುವಾಗಲೇ ಬೀಳುವವರ ಸಂಗತಿ ಏನು? ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯನ್ನು ನೀವೆಲ್ಲರೂ ಬಲ್ಲಿರಿ. ಇಂದು ಅವನು ನನ್ನ ಕೆಲಸಕ್ಕೆ, ನಾಳೆ ನಾನು ಅವನ ಕೆಲಸಕ್ಕೆ. ಹೀಗೆ ಪ್ರೀತಿಯಿಂದ ಬಂದ ಭಾವಮೈದುನನು ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡನೆಂದು ಎಣಿಸಿರಿ. ವೈದ್ಯನಿಗೆ ಹಣ ಕೊಡುವವರಾರು? ಅವನ ಮಕ್ಕಳಿಗೆ ಅನ್ನವಿಡುವವರಾರು? ಕೂಲಿ ತಕ್ಕೊಳ್ಳಲಿಲ್ಲವಾದದರಿಂದ ಅವನಿಗೆ ಯಜಮಾನನೂ ಇಲ್ಲವೆಂದು ಹೇಳಿಬಿಡೋಣವೋ?

ಈ ಪ್ರಶ್ನೆಗೆ ಜರ್ಮನಿ ದೇಶದ ಕಾನೂನು ಕೊಡುವ ಉತ್ತರವು ಕೇಳತಕ್ಕದ್ದು. ಯಾಕಂದರೆ ಅಲ್ಲಿಯೂ ನೆಂಟರ ಮತ್ತು ಸ್ನೇಹಿತರ ಸಹಾಯದಿಂದ ಮನೆ ಕಟ್ಟಿಕೊಳ್ಳುವವರುಂಟು. ಕೆಲಸದಲ್ಲಿ ಗಾಯಪಟ್ಟವರಿಗಾಗಿ ಆ ದೇಶವು 1884ರಲ್ಲಿ ಅಪಘಾತ ವಿಮೆಯ ಕಾನೂನನ್ನು ಮಾಡಿತು. 1887ರಲ್ಲಿ ಕಟ್ಟಡ ಕೆಲಸದವರಿಗಾಗಿ ಇನ್ನೊಂದನ್ನು ಮಾಡಿತು. ಈಗಿನ ನೇಮದ ಪ್ರಕಾರ, ತನ್ನ ಸ್ವಂತ ಮನೆಯ ಕೆಲಸಕ್ಕೆ ಸಹಾಯಕರನ್ನು ಕರೆಯುವವನು ಕೆಲಸ ಪ್ರಾರಂಭವಾದ ಒಂದು ವಾರದೊಳಗೆ ಬಿ.ಜಿ. ಬೌ ಎಂಬ ಕಟ್ಟಡ ಕೆಲಸದ ವಿಮಾ ಸಂಸ್ಥೆಗೆ ತಿಳಿಸತಕ್ಕದ್ದು. ಸಹಾಯಕರ ಹೆಸರುಗಳನ್ನೂ ಅವರು ದುಡಿದ ತಾಸುಗಳನ್ನೂ ಬರೆದಿಟ್ಟು, ಆ ಲೆಕ್ಕದಂತೆ ತಾನೇ ವಂತಿಗೆ ಸಲ್ಲಿಸತಕ್ಕದ್ದು. ಸಹಾಯಕರಿಂದ ಒಂದು ಕಾಸನ್ನಾದರೂ ಕೇಳಕೂಡದು. ತಿಳಿಸದೆ ಹೋದರೆ 2,500 ಯೂರೋಗಳ ವರೆಗೆ ದಂಡ ಬೀಳಬಹುದು. ಗಾಯಪಟ್ಟ ಸಹಾಯಕನಿಗೆ ಚಿಕಿತ್ಸೆ ಸಿಕ್ಕುತ್ತದೆ. ದುಡಿಯುವ ಶಕ್ತಿ ನೂರಕ್ಕೆ 20 ಪಾಲಾದರೂ ಬಹುಕಾಲ ಕುಂದಿದರೆ ಪಿಂಚಣಿ ಸಿಕ್ಕುತ್ತದೆ. ಅವನು ಸತ್ತರೆ ಹೆಂಡತಿಗೂ ಚಿಕ್ಕ ಮಕ್ಕಳಿಗೂ ಜೀವನಾಧಾರ ಸಿಕ್ಕುತ್ತದೆ.

ಇದರಿಂದ ನಾವು ಕಲಿಯತಕ್ಕ ಮೂರು ಸಂಗತಿಗಳುಂಟು.

ಮೊದಲನೆಯದು: ಕೂಲಿ ಪಡೆದವನಿಗೂ ಪಡೆಯದವನಿಗೂ ಆ ಕಾನೂನು ಭೇದ ಮಾಡುವದಿಲ್ಲ. ಒಂದು ಗಳಿಗೆ ಹಲಗೆ ಹಿಡಿದು ಕೊಟ್ಟಂಥ ಸಣ್ಣ ಉಪಕಾರವು ಬೇರೆ. ಕೂಲಿಯವನಂತೆ ದಿನವೆಲ್ಲಾ ದುಡಿದವನು ಕೂಲಿಯವನಂತೆಯೇ ಎಣಿಸಲ್ಪಡುತ್ತಾನೆ. ನೆರೆಯವನ ದುಡಿಮೆಯನ್ನು ಬಿಟ್ಟಿಯಾಗಿ ನುಂಗಿ ಮನೆ ಕಟ್ಟಿದ ಅರಸನನ್ನು ಪ್ರವಾದಿಯಾದ ಯೆರೆಮೀಯನು ಗದರಿಸಿದನಲ್ಲವೇ? ಪ್ರೀತಿಯಿಂದ ಕೊಟ್ಟ ದುಡಿಮೆಯನ್ನು ಕೃತಜ್ಞತೆಯಿಂದ ತಕ್ಕೊಳ್ಳಬಹುದು. ಆದರೆ ಕೊಟ್ಟವನ ನಷ್ಟವನ್ನು ಅವನ ತಲೆಗೇ ಬಿಡುವದು ನೀತಿಯಲ್ಲ.

ಎರಡನೆಯದು: ಯಜಮಾನನು ಹೆಸರು ಬರೆಯಿಸದೆ ಆಲಸ್ಯ ಮಾಡಿದರೂ ಸಹಾಯಕನು ಆ ರಕ್ಷಣೆಯನ್ನು ಕಳೆದುಕೊಳ್ಳುವದಿಲ್ಲ. ತಪ್ಪು ಮಾಡಿದವನು ದಂಡ ತೆರಬೇಕು. ಬಿದ್ದವನು ಔಷಧವಿಲ್ಲದೆ ಮಲಗಬಾರದು. ಇದಾದರೋ ನ್ಯಾಯವಾದದ್ದು.

ಮೂರನೆಯದು: ಮನೆ ಕಟ್ಟುವವನೂ ಅವನ ಹೆಂಡತಿಯೂ ಈ ವಿಮೆಯಲ್ಲಿ ತಾವಾಗಿ ಸೇರುವದಿಲ್ಲ, ತಾವೇ ಇಷ್ಟಪಟ್ಟು ಬರೆಯಿಸಿಕೊಳ್ಳಬೇಕು. ಮನೆಯ ಆಧಾರವಾಗಿರುವವನು ಬಿದ್ದರೆ ಅರ್ಧ ಎದ್ದ ಗೋಡೆಯೂ ಸಾಲವೂ ಮಕ್ಕಳ ಪಾಲಿಗೆ ಉಳಿಯುವವು. ಬುರುಜು ಕಟ್ಟುವವನು ಮೊದಲು ಕೂತುಕೊಂಡು ಖರ್ಚನ್ನು ಎಣಿಸಬೇಕೆಂದು ನಮ್ಮ ಕರ್ತನು ಬೋಧಿಸಿದ್ದಾನೆ. ಆ ಎಣಿಕೆಯಲ್ಲಿ ಕಲ್ಲು, ಸುಣ್ಣ, ಮರ ಮಾತ್ರವೇ ಇದ್ದರೆ ಸಾಲದು. ತನ್ನ ಪ್ರಾಣವೂ ಇರಬೇಕು.

ಆದರೂ ವಿಮೆಯು ಮುರಿದ ಎಲುಬನ್ನು ಮೊದಲಿನಂತೆ ಮಾಡಲಾರದು. ಆದದರಿಂದ ಅದೇ ದೇಶದಲ್ಲಿ 1.25 ಮೀಟರಿಗಿಂತ ಆಳವಾದ ಪಾಯದ ಗುಂಡಿಯ ಬದಿಗಳನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೆ ಹಲಗೆ ಕೊಟ್ಟು ಭದ್ರಮಾಡಬೇಕು. ಯಜಮಾನನು ಘೋರವಾದ ಅಲಕ್ಷ್ಯ ಮಾಡಿ ಒಬ್ಬನು ಗಾಯಪಟ್ಟರೆ, ಸಂಸ್ಥೆಯು ತಾನು ಖರ್ಚು ಮಾಡಿದ ಹಣವನ್ನು ಅವನಿಂದ ವಸೂಲು ಮಾಡಬಹುದು. ವಂತಿಗೆ ಕೊಟ್ಟೆನೆಂದು ಕಣ್ಣು ಮುಚ್ಚಿಕೊಳ್ಳುವದಕ್ಕೆ ಆಸ್ಪದವಿಲ್ಲ.

ಪ್ರಿಯರೇ, ದೇಶದೇಶಗಳ ಕಾನೂನುಗಳು ಬೇರೆ ಬೇರೆ. ಮಾಳಿಗೆಯ ಅಂಚಿನ ಆಜ್ಞೆಯೋ ಒಂದೇ. ನಿಮ್ಮಲ್ಲಿ ಮನೆ ಕಟ್ಟುವವರು ಪಾಯ ತೋಡುವದಕ್ಕೆ ಮುಂಚೆ ಬರುವವರ ಹೆಸರುಗಳನ್ನು ಬರೆಯಿರಿ. ಸಾರುವೆಯ ಕಟ್ಟುಗಳನ್ನು ಪ್ರತಿದಿನವೂ ಎಳೆದು ನೋಡಿರಿ. ಬಾಯಿ ತೆರೆದ ಗುಂಡಿಯನ್ನು ಮುಚ್ಚಿರಿ. ಒಬ್ಬನು ಬಿದ್ದರೆ ಅವನ ಮನೆಯನ್ನು ನಡಿಸುವದು ಹೇಗೆಂದು ಈಗಲೇ ಗೊತ್ತುಮಾಡಿರಿ. ಮುಂಜಾನೆ ನಿಮ್ಮ ಕೆಲಸಕ್ಕೆ ಬಂದವರೆಲ್ಲರೂ ಸಾಯಂಕಾಲ ಕ್ಷೇಮವಾಗಿ ತಮ್ಮ ಮನೆ ಸೇರುವಂತೆ ಕರ್ತನು ಅನುಗ್ರಹಿಸಲಿ.