ನೀವು ಯಾರವರು?

(ಮತ್ತಾಯ 9:9, 1 ಕೊರಿಂಥ 1:12-13)



ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯಲ್ಲಿ, ಸುಂಕದಕಟ್ಟೆ ಎಂಬ ಸ್ಥಳವುಂಟು. ಪೀಣ್ಯದ ಕಾರ್ಖಾನೆಗಳು ಅದಕ್ಕೆ ದೂರವಲ್ಲವಾದದರಿಂದ, ಕೆಲಸವನ್ನರಸಿ ನಾನಾ ಹಳ್ಳಿಗಳಿಂದ ಬಂದವರು ಅಲ್ಲಿ ವಾಸವಾಗಿದ್ದಾರೆ. ಇಂಥ ಸ್ಥಳದಲ್ಲಿ ಕ್ರೈಸ್ತರಿಬ್ಬರು ಸಂಧಿಸಿದರೆ, “ನೀವು ಯಾವ ಮಿಶನಿನವರು?” ಎಂದು ಕೇಳುವದುಂಟು. ಲಂಡನ್ ಮಿಶನಿನ ಸಭೆಗಳೂ ವೆಸ್ಲಿಯನ್ ಸಭೆಗಳೂ 1947ನೇ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಒಂದಾದರೂ ಹಳೆಯ ಹೆಸರುಗಳು ನಮ್ಮ ನಾಲಿಗೆಯನ್ನು ಬಿಟ್ಟಿಲ್ಲ.

ಹೀಗೆ ಹೇಳುವದು ಪಾಪವೋ? ಅಲ್ಲ. ಉಪಕಾರಸ್ಮರಣೆ ಒಳ್ಳೇದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದರು, ಮಗ್ಗವನ್ನೂ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು; ಅವರಲ್ಲೊಬ್ಬನಾದ ಕಿಟ್ಟೆಲನ ನಿಘಂಟು 1894ರಲ್ಲಿ ಅಚ್ಚಾಯಿತು. ನೆಲೆಯಿಲ್ಲದವರಿಗೆ ನೆಲೆ ಕೊಟ್ಟವರನ್ನು ಮರೆಯಲಾದೀತೇ?

ಆದರೆ “ನಮ್ಮ ಮಿಶನ್” ಎಂಬ ಮಾತಿಗೆ ಎರಡು ಅರ್ಥಗಳುಂಟು. ಮಿಶನ್ ನನಗೇನು ಕೊಡುವದು ಎಂದು ಕೈಯೊಡ್ಡುವವನೂ ಹಾಗೆನ್ನುತ್ತಾನೆ. ಅದರ ಭಾರವು ನನ್ನ ಭಾರ ಎಂದು ಹೆಗಲು ಕೊಡುವವನೂ ಹಾಗೆನ್ನುತ್ತಾನೆ. ಇವರಿಬ್ಬರ ಭೇದವು ಕಷ್ಟಕಾಲದಲ್ಲಿ ಹೊರಬೀಳುವದು. 1914ರಲ್ಲಿ ಮಹಾಯುದ್ಧವು ಹುಟ್ಟಲು, ಬಾಸೆಲಿನ ಜರ್ಮನ್ ಮಿಶನೆರಿಗಳು ಸೆರೆಯಲ್ಲಿಡಲ್ಪಟ್ಟು ತರುವಾಯ ದೇಶದಿಂದ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಪರರ ಕೈಸೇರಿದವು. ಸಭೆಯು ಅಳಿಯಿತೋ? ಇಲ್ಲ. ನಮ್ಮ ನಾಡಿನ ಸಭಾಪಾಲಕರೂ ಉಪದೇಶಿಗಳೂ ಹಿರಿಯರೂ ಹೆಗಲು ಕೊಟ್ಟರು. ಮಿಶನೆರಿಗಳು ಹೋದರು, ಕ್ರಿಸ್ತನು ಹೋಗಲಿಲ್ಲ.

ಸುಂಕದಕಟ್ಟೆಯ ಹೆಸರನ್ನು ಕೇಳುವಾಗ ಮತ್ತಾಯನ ನೆನಪಾಗುವದು. ಅವನು ಸುಂಕ ವಸೂಲಿಯ ಸ್ಥಳದಲ್ಲಿ ಕೂತಿದ್ದಾಗ ಕರ್ತನು ಕರೆದನು; ಅವನು ಎದ್ದು ಹಿಂದೆ ಹೋದನು. ಅಪೊಸ್ತಲರ ಪಟ್ಟಿಯಲ್ಲಿ ಅವನಿಗೆ ಸುಂಕದವನೆಂಬ ಹೆಸರು ಉಳಿದೇ ಇದೆ (ಮತ್ತಾಯ 10:3). ಅದೇ ಹನ್ನೆರಡು ಮಂದಿಯಲ್ಲಿ ಮತಾಭಿಮಾನಿ ಎನ್ನಿಸಿಕೊಂಡ ಸೀಮೋನನೂ ಇದ್ದನು (ಲೂಕ 6:15). ಪರರಾಜ್ಯಕ್ಕೆ ಸುಂಕ ಎತ್ತಿದವನೂ ಆ ರಾಜ್ಯವನ್ನು ಸಹಿಸದ ಪಂಗಡದ ಹೆಸರುಳ್ಳವನೂ ಒಂದೇ ಪಂಕ್ತಿಯಲ್ಲಿ ರೊಟ್ಟಿ ಮುರಿದರು. ಹಳೆಯ ಹೆಸರು ಅವರು ಎಲ್ಲಿಂದ ಬಂದರೆಂದು ತಿಳಿಸಿತು. ಯಾರವರೆಂದು ತಿಳಿಸಿದ್ದು ಕ್ರಿಸ್ತನ ಕರೆಯೇ.

ಕೊರಿಂಥದವರು ಪೌಲನವರು, ಅಪೊಲ್ಲೋಸನವರು ಎಂದು ಪಂಗಡ ಕಟ್ಟಿದಾಗ, ನಿಮಗಾಗಿ ಶಿಲುಬೆಗೇರಿದವನು ಪೌಲನೋ ಎಂದು ಅಪೊಸ್ತಲನು ಕೇಳಿದನು. ಆ ಪ್ರಶ್ನೆ ನಮಗೂ ಸಲ್ಲುವದು. ಹೆಣ್ಣು ಕೊಡುವಾಗ, ತರುವಾಗ, ಹಿರಿಯರನ್ನು ಆರಿಸುವಾಗ, ಸಮಾಧಿಗೆ ಸ್ಥಳ ಕೇಳಿದಾಗ ಮಿಶನಿನ ಹೆಸರನ್ನು ಗೋಡೆಯಾಗಿ ನಿಲ್ಲಿಸುವೆವಾದರೆ, ಆ ಮಿಶನನ್ನು ಕಳುಹಿಸಿದ ಕರ್ತನಿಗೇ ವಿರೋಧವಾಗಿ ನಡೆಯುತ್ತೇವೆ.

ಆದದರಿಂದ ಪ್ರಿಯರೇ, ಬರುವ ಆದಿತ್ಯವಾರ ಗುಡಿಯ ಬಾಗಲಲ್ಲಿ ಅಪರಿಚಿತನೊಬ್ಬನು ನಿಂತಿದ್ದರೆ, ಯಾವ ಮಿಶನಿನವನೆಂದು ಕೇಳುವ ಮುಂಚೆ ನಿಮ್ಮ ಪಕ್ಕದಲ್ಲಿ ಸ್ಥಳ ಕೊಡಿರಿ. ಪಡೆದದ್ದಕ್ಕಾಗಿ ಸ್ತೋತ್ರ ಮಾಡಿರಿ. ಕಾಣಿಕೆಯಿಂದಲೂ ಕೈಕೆಲಸದಿಂದಲೂ ಭಾರವನ್ನು ಹೊರಿರಿ. ಕರೆದಾತನು ನಮ್ಮೆಲ್ಲರನ್ನು ತನ್ನವರೆಂದು ಕಾಪಾಡಲಿ. ಆಮೆನ್.