ಧ್ವನಿಮುದ್ರಿಕೆಯೂ ಸಹೃದಯನೂ

ಯಾವದಾದರೊಂದು ಗ್ರಂಥವನ್ನು ಮಹತ್ತಾದುದೆಂದು ಹೇಳುವಾಗ ಸುಶಿಕ್ಷಿತರು ಅದಕ್ಕೆ ಕಾರಣಗಳನ್ನು ಹುಡುಕಿ ಹೇಳುವ ಶ್ರಮವನ್ನು ತೆಗೆದುಕೊಳ್ಳುವರು. ಹಾಡಿನ ಮಾತು ಬಂದಾಗ ಮಾತ್ರ ‘ಅವರವರ ರುಚಿ ಅವರವರಿಗೆ’ ಎಂದು ಹೇಳಿ ಕೈ ತೊಳೆದುಕೊಳ್ಳುವರು. ಊಟದ ಪಂಕ್ತಿಯಲ್ಲಿ ಈ ಮಾತು ಸಲ್ಲುವದು. ಒಬ್ಬನಿಗೆ ಕೆಂಪು ಮೆಣಸಿನಕಾಯಿಯ ಚಟ್ನಿ ಬೇಕು, ಮತ್ತೊಬ್ಬನಿಗೆ ಕೆನೆಮೊಸರು ಬೇಕು. ಇಬ್ಬರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಒಂದು ಧ್ವನಿಮುದ್ರಿಕೆಯನ್ನು ಕೇಳಿ ‘ಇದು ಹಿರಿದಾದುದು’ ಎಂದು ಒಬ್ಬನು ನುಡಿದಾಗ ಅವನು ತನ್ನ ಕಿವಿಯ ಸುಖವನ್ನಷ್ಟೇ ತಿಳಿಸುತ್ತಿಲ್ಲ. ನೀನೂ ಇದನ್ನು ಕೇಳತಕ್ಕದ್ದು, ಕೇಳದಿದ್ದರೆ ನಿನಗೆ ಹಾನಿಯುಂಟು ಎಂದು ಎದುರಿನವನ ಮೇಲೆ ಹಕ್ಕು ಸಾಧಿಸುತ್ತಾನೆ. ಆ ಹಕ್ಕು ಅವನಿಗೆ ಎಲ್ಲಿಂದ ಬಂದಿತು, ಎದುರಿನವನು ಅದನ್ನು ಏಕೆ ಮನ್ನಿಸಬೇಕು ಎಂಬದೇ ವಿಚಾರಿಸತಕ್ಕ ವಿಷಯವು.

ಈ ಪ್ರಶ್ನೆಯು ಇಂದು ಪಂಡಿತರ ಸಭೆಗಿಂತ ಹೆಚ್ಚಾಗಿ ಮನೆಯ ಪಡಸಾಲೆಯಲ್ಲಿ ಎದ್ದಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳಂಥ ಊರುಗಳಲ್ಲಿ ಕಿರಾಣಾ ಘರಾಣೆಯ ಸ್ವರಗಳನ್ನು ಕೇಳುತ್ತ ಬೆಳೆದ ಹಿರಿಯರಿದ್ದಾರೆ. ಅವರ ಮೊಮ್ಮಕ್ಕಳಲ್ಲಿ ಕೆಲವರು ರಾಕ್, ಮೆಟಲ್ ಎಂಬ ಪಾಶ್ಚಾತ್ಯ ವಾದ್ಯವೃಂದಗಳ ಹಾಡುಗಳಿಗೆ ಮನಸ್ಸು ಕೊಟ್ಟಿದ್ದಾರೆ. 2007ರ ಮಾರ್ಚ ತಿಂಗಳಲ್ಲಿ ಐರನ್ ಮೇಡನ್, 2011ರ ಅಕ್ಟೋಬರದಲ್ಲಿ ಮೆಟಾಲಿಕಾ ಎಂಬ ತಂಡಗಳು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೇಲೆ ಈ ಸಂಗೀತವು ಕನ್ನಡ ನಾಡಿಗೆ ದೂರದ ಸುದ್ದಿಯಾಗಿ ಉಳಿದಿಲ್ಲ. ಹಿರಿಯರು ಅದನ್ನು ಗದ್ದಲವೆನ್ನುವರು; ಕಿರಿಯರು ಹಿರಿಯರ ವಿಲಂಬಿತ ಖ್ಯಾಲನ್ನು ನಿದ್ದೆಯ ಔಷಧವೆನ್ನುವರು. ಇಬ್ಬರೂ ‘ಮಹತ್ತು’ ಎಂಬ ಒಂದೇ ಶಬ್ದವನ್ನು ಬಳಸುತ್ತಿರುವಾಗ, ಆ ಶಬ್ದಕ್ಕೆ ಒಂದೇ ಅರ್ಥವುಂಟೋ ಅಥವಾ ಅದು ಬರಿಯ ಅಭಿಮಾನದ ಕೂಗೋ?

ಮೊದಲು ವಸ್ತುವಿನ ಸ್ವರೂಪವನ್ನು ನೋಡಬೇಕು. ಗೌಹರ್ ಜಾನ್ ಎಂಬ ಗಾಯಕಿಯು 1902ರಲ್ಲಿ ಕಲಕತ್ತೆಯಲ್ಲಿ ಹಾಡಿ ಕೊಟ್ಟ ಗ್ರಾಮೋಫೋನ್ ತಟ್ಟೆಗಳೊಡನೆ ಭಾರತದಲ್ಲಿ ಈ ಯುಗವು ಆರಂಭವಾಯಿತು. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಗಳಿಗೆ ಹೆಚ್ಚಾಗಿ ಹಾಡು ಹಿಡಿಸುತ್ತಿರಲಿಲ್ಲ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸತಕ್ಕ ಗವಾಯಿಗಳಿಗೆ ಇದು ಬಿಂದಿಗೆಯಲ್ಲಿ ಬೆಣ್ಣೆಹಳ್ಳವನ್ನು ತುಂಬಿದ ಹಾಗೆಯೇ ತೋರಿರಬೇಕು. ಆದರೆ ಅಬ್ದುಲ್ ಕರೀಮ್ ಖಾನರಂಥವರು ಆ ಇಕ್ಕಟ್ಟಿನಲ್ಲಿಯೇ ರಾಗದ ಪ್ರಾಣವನ್ನು ನಿಲ್ಲಿಸಿ ತೋರಿಸಿದರು. ಬೇಡವಾದುದನ್ನು ಬಿಡುವ ಶಿಸ್ತನ್ನು ಯಂತ್ರವು ಕಲಿಸಿತು.

ಮುಂದೆ ಹಲವು ತಟ್ಟೆಗಳನ್ನು ಒಂದು ಪುಸ್ತಕದಂಥ ಹೊದಿಕೆಯಲ್ಲಿ ಕೂಡಿಸಿ ಮಾರುವ ರೂಢಿಯಾಯಿತು. ಚಿತ್ರಗಳನ್ನು ಅಂಟಿಸಿಡುವ ಪುಸ್ತಕದ ಹೆಸರೇ ಅದಕ್ಕೆ ಬಂದು, ‘ಆಲ್ಬಂ’ ಎಂಬ ಶಬ್ದವು ಸಂಗೀತಕ್ಕೂ ಅಂಟಿಕೊಂಡಿತು. 1948ರಲ್ಲಿ ಅಮೇರಿಕೆಯ ಕೊಲಂಬಿಯಾ ಸಂಸ್ಥೆಯು ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕು ನಡೆಯುವ ದೀರ್ಘ ತಟ್ಟೆಯನ್ನು ಹೊರತಂದ ಮೇಲೆ, ಹಾಡುಗಳ ಕ್ರಮವನ್ನು ಯೋಚಿಸಿ ಒಂದು ಇಡಿಯ ಕೃತಿಯನ್ನು ಕಟ್ಟುವದು ಸಾಧ್ಯವಾಯಿತು. ಆಲಂಕಾರಿಕರ ಮಾತಿನಲ್ಲಿ ಹೇಳುವದಾದರೆ ಮುಕ್ತಕಗಳ ಸಂಗ್ರಹವು ಪ್ರಬಂಧವಾಯಿತು. ಪ್ರಬಂಧದಲ್ಲಿ ಒಂದು ರಸವು ಅಂಗಿಯಾಗಿ ನಿಂತು ಉಳಿದವು ಅಂಗವಾಗಿರಬೇಕೆಂದು ಆನಂದವರ್ಧನನು ವಿಧಿಸಿದ್ದಾನೆ. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನದಲ್ಲಿ ನವಿಲೂ ಚೌಕಗಳೂ ಅಂಚಿನ ಪಟ್ಟಿಯೂ ಬೇರೆಬೇರೆಯಾಗಿ ಚೆಲುವಾಗಿದ್ದರೂ ಒಂದನ್ನು ಕಿತ್ತರೆ ಹಾಸು ಹಾಸಾಗಿ ಉಳಿಯುವದಿಲ್ಲ. ಒಳ್ಳೆಯ ಆಲ್ಬಮ್ಮಿನ ಮೊದಲ ಲಕ್ಷಣವು ಇಂಥ ಸಮಗ್ರತೆಯೇ. ಆದರೆ ಸಮಗ್ರವಾದುದೆಲ್ಲವೂ ಮಹತ್ತಲ್ಲ. ಅಚ್ಚುಕಟ್ಟಾದ ಎಷ್ಟೋ ಕೃತಿಗಳು ಅಚ್ಚುಕಟ್ಟಾಗಿಯೇ ಮರೆತುಹೋಗಿವೆ.

ಜನರು ಹಿರಿಮೆಯನ್ನು ಅಳೆಯಲು ಹಿಡಿಯುವ ಅಳತೆಗೋಲುಗಳು ಬೇರೆಯೂ ಇವೆ. ಮೊದಲನೆಯದು ಮಾರಾಟ. ಎರಡನೆಯದು ಬಲ್ಲವರ ಮೆಚ್ಚಿಕೆ. ಮೂರನೆಯದು ಕೈಚಳಕ. ಮೂರೂ ಕೆಲವೊಮ್ಮೆ ನಿಜ ಹೇಳುವವು, ಕೆಲವೊಮ್ಮೆ ಮೋಸ ಮಾಡುವವು. ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಗಳು 1930ರ ದಶಕದಲ್ಲಿಯೇ ಹೊರಬಿದ್ದು ಅವರಿಗೆ ಹೆಸರು ತಂದಿದ್ದವು. ಆ ಹೆಸರೇ ಸಾಕೆಂದು ಅವರು ಕೂಡಲಿಲ್ಲ. ಜಯಪುರ-ಅತ್ರೌಲಿ ಪರಂಪರೆಯ ಮಂಜಿಖಾನರ ಮುಂದೆಯೂ, 1937ರಲ್ಲಿ ಅವರು ತೀರಿಕೊಂಡ ತರುವಾಯ ಬುರ್ಜಿಖಾನರ ಮುಂದೆಯೂ ಮತ್ತೆ ಶಿಷ್ಯರಾಗಿ ಕುಳಿತರು. ಲೋಕವು ಕೊಟ್ಟ ಪ್ರಶಸ್ತಿಗಿಂತ ತಮಗೆ ಕಾಣುತ್ತಿದ್ದ ಕೊರತೆಯೇ ಅವರಿಗೆ ಹೆಚ್ಚು ಪ್ರಮಾಣವಾಯಿತು. ಇತ್ತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬ್ಲ್ಯಾಕ್ ಸ್ಯಾಬತ್ ಎಂಬ ತಂಡವು 1969ರಲ್ಲಿ ಒಂದೇ ದಿನ ಕುಳಿತು ನುಡಿಸಿ ಮುಗಿಸಿದ ಮೊದಲ ಆಲ್ಬಂ 1970ರ ಫೆಬ್ರುವರಿ 13ರಂದು ಹೊರಬಂದಾಗ ವಿಮರ್ಶಕರು ಅದನ್ನು ಹೀಗಳೆದರು. ಕೇಳುಗರು ಅದನ್ನು ಕೈಬಿಡಲಿಲ್ಲ. ಇಂದು ಮೆಟಲ್ ಎಂಬ ಸಂಗೀತಪ್ರಕಾರದ ಮೂಲವನ್ನು ಬಹುಮಂದಿ ಆ ತಟ್ಟೆಯಲ್ಲಿಯೇ ಕಾಣುತ್ತಾರೆ. ಬಲ್ಲವರು ತಪ್ಪಿದರು, ಬಹುಜನರು ಗೆದ್ದರು ಎಂದು ಇದರಿಂದ ಸಿದ್ಧಾಂತ ಮಾಡಲಾಗದು. ಬಹುಜನರು ಮೆಚ್ಚಿ ಮರುವರ್ಷವೇ ಮರೆತ ಹಾಡುಗಳಿಗೆ ಲೆಕ್ಕವಿಲ್ಲ.

ಹಾಗಾದರೆ ನಿಜವಾದ ಪ್ರಮಾಣವು ಎಲ್ಲಿದೆ? ಪರಸ್ಪರ ಸಂಬಂಧವಿಲ್ಲದ ಎರಡು ಪ್ರಸಂಗಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ದಾರಿ ಕಾಣುವದು.

ಗದಗಿನ ಬಾಲಕನಾದ ಭೀಮಸೇನ ಜೋಶಿಯು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆಯನ್ನು ಕೇಳಿದನು. ಝಿಂಝೋಟಿಯ ಆ ಠುಮರಿಯು ಅವನನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. 1933ರಲ್ಲಿ, ಹನ್ನೊಂದು ವರ್ಷದವನಿರುವಾಗ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೊರಟನು. ಉತ್ತರದೇಶವನ್ನೆಲ್ಲ ಅಲೆದು ಕೊನೆಗೆ ಅವನು ಸೇರಿದ್ದು ತನ್ನ ಸೀಮೆಯ ಕುಂದಗೋಳದಲ್ಲಿ, ಅದೇ ಖಾನಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಪಾದದ ಬಳಿ. ಮೂರು ನಿಮಿಷದ ತಟ್ಟೆಯೊಂದು ಒಂದು ಜೀವಿತದ ದಿಕ್ಕನ್ನು ತಿರುಗಿಸಿತು.

ಎರಡನೆಯ ಪ್ರಸಂಗವು ಬರ್ಮಿಂಗ್‌ಹ್ಯಾಮ್ ನಗರದ್ದು. ಟೋನಿ ಅಯೋಮಿ ಎಂಬ ಹದಿನೇಳು ವರ್ಷದ ತರುಣನು ಲೋಹದ ತಗಡಿನ ಕಾರಖಾನೆಯಲ್ಲಿ ದುಡಿಯುವಾಗ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡನು. ಎಡಚನಾದ ಅವನು ಗಿಟಾರಿನ ತಂತಿಗಳನ್ನು ಒತ್ತಬೇಕಾದದ್ದು ಆ ಕೈಯಿಂದಲೇ. ಇನ್ನು ವಾದ್ಯ ಹಿಡಿಯುವ ಆಸೆ ಮುಗಿಯಿತೆಂದು ಕುಳಿತಿದ್ದಾಗ ಕಾರಖಾನೆಯ ಮೇಲ್ವಿಚಾರಕನು ಅವನಿಗೆ ಜ್ಯಾಂಗೋ ರೈನ್‌ಹಾರ್ಟ್‌ನ ಧ್ವನಿಮುದ್ರಿಕೆಯನ್ನು ಕೇಳಿಸಿದನು. ಆ ವಾದಕನು 1928ರಲ್ಲಿ ಬೆಂಕಿಗೆ ಸಿಕ್ಕು ಎಡಗೈಯ ಎರಡು ಬೆರಳುಗಳ ಬಲವನ್ನು ಕಳೆದುಕೊಂಡವನು. ಉಳಿದ ಬೆರಳುಗಳಿಂದಲೇ ಹಾಗೆ ನುಡಿಸಿದ್ದನು. ಅಯೋಮಿಯು ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡನು. ಹಗುರಾದ ತಂತಿಗಳನ್ನು ಹಾಕಿ, ಮುಂದೆ ಶ್ರುತಿಯನ್ನು ಇಳಿಸಿ ನುಡಿಸಿದನು. ಬ್ಲ್ಯಾಕ್ ಸ್ಯಾಬತ್ ತಂಡದ ಆ ಭಾರವಾದ, ಕತ್ತಲೆಯಂಥ ಧ್ವನಿಯು ಹೀಗೆ ಹುಟ್ಟಿತು.

ಗದಗಿನ ಬಾಲಕನಿಗೂ ಬರ್ಮಿಂಗ್‌ಹ್ಯಾಮಿನ ತರುಣನಿಗೂ ಭಾಷೆ, ಸಂಗೀತ, ಕುಲ, ಕಾಲ ಯಾವದೂ ಒಂದಲ್ಲ. ಆದರೆ ಇಬ್ಬರಿಗೂ ಆದ ಉಪಕಾರವು ಒಂದೇ. ತಟ್ಟೆಯು ನಿಂತ ಮೇಲೆ ಅದರ ಕೆಲಸವು ನಿಲ್ಲಲಿಲ್ಲ. ಸಾಮಾನ್ಯವಾದ ಹಾಡು ಕೇಳುಗನನ್ನು ತಣಿಸಿ ಬಿಡುವದು. ಮಹತ್ತಾದುದು ಅವನನ್ನು ತಣಿಸಿಯೂ ಅವನಲ್ಲಿ ಒಂದು ಹಸಿವನ್ನು ಉಳಿಸುವದು, ‘ಈಗ ನೀನೇನು ಮಾಡುವೆ?’ ಎಂದು ಕೇಳುವದು.

ಇಲ್ಲಿ ಒಂದು ಆಕ್ಷೇಪವುಂಟು. ಕೇಳಿದವರೆಲ್ಲರೂ ಗಾಯಕರಾಗುವದಿಲ್ಲ, ಹೊಲ, ಅಂಗಡಿ, ಕಚೇರಿಗಳಿಗೆ ಹೋಗುವ ಸಾವಿರಾರು ಕೇಳುಗರಿಗೆ ಈ ಪ್ರಮಾಣವು ಹೇಗೆ ಹೊಂದುವದು? ಅದಕ್ಕೆ ಅಭಿನವಗುಪ್ತನ ಸಹೃದಯ ಲಕ್ಷಣವೇ ಉತ್ತರವು. ಕಾವ್ಯವನ್ನು ಮತ್ತೆ ಮತ್ತೆ ಪರಿಶೀಲಿಸುವದರಿಂದ ಯಾರ ಮನಸ್ಸೆಂಬ ಕನ್ನಡಿಯು ತಿಳಿಯಾಗಿರುವದೋ ಅವನೇ ಸಹೃದಯನೆಂದು ಆತನ ಅಭಿಪ್ರಾಯ. ಸಹೃದಯನು ಹುಟ್ಟಿ ಬರುವದಿಲ್ಲ, ಆಗುತ್ತಾನೆ. ಅವನನ್ನು ಆಗಿಸುವ ಕೃತಿಯೇ ಮಹತ್ಕೃತಿಯು. ಗಂಗೂಬಾಯಿ ಹಾನಗಲ್ಲರು ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ ಮೊದಲ ತಟ್ಟೆಗಳಲ್ಲಿ ಸಪೂರವಾದ ಏರುಕಂಠವಿದೆ. ಗಂಟಲಿನ ಚಿಕಿತ್ಸೆಯ ತರುವಾಯ ಅವರ ಕಂಠವು ಗಂಡಸಿನದೆನ್ನುವಷ್ಟು ಗಂಭೀರವಾಯಿತು. ಮೊದಲ ಸಲ ಕೇಳುವವನಿಗೆ ಇವರಿಬ್ಬರೂ ಒಬ್ಬರೇ ಎಂದರೆ ನಂಬುಗೆ ಬಾರದು. ಹತ್ತು ಸಲ ಕೇಳಿದವನಿಗೆ ಎರಡೂ ಕಂಠಗಳ ಹಿಂದೆ ಸ್ವರವನ್ನು ಹಿಡಿದು ನಿಲ್ಲುವ ಒಂದೇ ಛಲವು ಕೇಳಿಸತೊಡಗುವದು. ತಟ್ಟೆಯು ಬದಲಾಗಲಿಲ್ಲ, ಬದಲಾದವನು ಕೇಳುಗನು. ಅವನು ಹಾಡದಿದ್ದರೂ ನಷ್ಟವನ್ನು ತಾಳುವದು ಹೇಗೆಂಬದನ್ನು ಅದರಿಂದ ಕಲಿತಿರುವನು.

ಇನ್ನು ಹಿರಿಯರ ಮುಖ್ಯವಾದ ದೂರು: ಅಬ್ಬರ, ಕೂಗು, ರೋಷಗಳು ಸಂಗೀತವೇ? ಈ ದೂರನ್ನು ಹೇಳುವವರು ಹೋಳಿಹುಣ್ಣಿಮೆಯನ್ನು ಮರೆತಿರಬೇಕು. ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ಹಲಗಿಗಳು ಮೊಳಗುವಾಗ ಯಾರೂ ಶ್ರುತಿಮಾಧುರ್ಯವನ್ನು ಹುಡುಕುವದಿಲ್ಲ, ಎದೆಯೇ ಹಲಗಿಯಾಗುವದು. ಭರತಮುನಿಯು ಶೃಂಗಾರ, ಕರುಣಗಳೊಡನೆ ರೌದ್ರ, ಭಯಾನಕ, ಬೀಭತ್ಸಗಳಿಗೂ ರಸಪದವಿಯನ್ನು ಕೊಟ್ಟಿದ್ದಾನೆ. ರನ್ನನ ಗದಾಯುದ್ಧದಲ್ಲಿ ಭೀಮನ ಆರ್ಭಟವನ್ನು ಓದಿ ಮೈ ನವಿರೇಳಿಸಿಕೊಂಡವನು ಗದೆ ಹಿಡಿದು ಬೀದಿಗೆ ಇಳಿಯುವದಿಲ್ಲ. ಕ್ರೋಧವು ತನ್ನದೂ ಅಲ್ಲದೆ ಪರರದೂ ಅಲ್ಲದೆ ಸಾಧಾರಣವಾಗಿ ನಿಂತಾಗ ಅದು ರಸವಾಗುವದು. ಮೆಟಾಲಿಕಾ ತಂಡದ ‘ಮಾಸ್ಟರ್ ಆಫ್ ಪಪೆಟ್ಸ್’ ಎಂಬ 1986ರ ಆಲ್ಬಂ ಈ ದೃಷ್ಟಿಯಿಂದ ನೋಡತಕ್ಕದ್ದು. ಮೃದುವಾದ ತಂತಿವಾದನದಿಂದ ಆರಂಭವಾಗಿ ಸಿಡಿಲಿಗೆ ಏರುವ ಅದರಲ್ಲಿ ಎಂಟು ಖಂಡಗಳಿವೆ. ಮಾದಕ ವಸ್ತುವಿಗೆ ದಾಸನಾದವನು, ಯುದ್ಧಕ್ಕೆ ಅಟ್ಟಲ್ಪಟ್ಟ ಸಿಪಾಯಿ, ಹುಚ್ಚರ ಆಸ್ಪತ್ರೆಯಲ್ಲಿ ಕೂಡಿಹಾಕಲ್ಪಟ್ಟವನು, ಕಪಟಬೋಧಕನಿಗೆ ಮರುಳಾದವರು, ಹೀಗೆ ಸೂತ್ರದ ಗೊಂಬೆಯಾದ ಮನುಷ್ಯನ ಸ್ಥಿತಿಯು ಅವುಗಳಲ್ಲಿ ಮೇಲಿಂದ ಮೇಲೆ ಬರುವದು. ಅಂಗಿರಸವು ರೌದ್ರವಾದರೂ ಅದರ ಬೇರು ಕರುಣದಲ್ಲಿದೆ. ಅಮೇರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ 2016ರಲ್ಲಿ ಅದನ್ನು ರಾಷ್ಟ್ರವು ಕಾಪಾಡತಕ್ಕ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿತು.

ಇದರಿಂದ ರೌದ್ರವೆಲ್ಲವೂ ಮಹತ್ತೆಂದು ಹೇಳಿದಂತಾಗಲಿಲ್ಲ. ಕೇಳಿ ಮುಗಿದ ಮೇಲೆ ನೆರೆಯವನ ಮೇಲಿನ ದ್ವೇಷವೊಂದೇ ಉಳಿದರೆ ಅಲ್ಲಿ ರಸವು ಸಿದ್ಧಿಸಲಿಲ್ಲ. ಕ್ರೋಧವು ಕ್ರೋಧವಾಗಿಯೇ ಉಳಿಯಿತು. ಅದರಂತೆಯೇ ಮಧುರವಾದ ಹಾಡೊಂದು ಕೇಳುಗನನ್ನು ‘ನನ್ನಂಥ ರಸಿಕರುಂಟೇ’ ಎಂಬ ಗರ್ವದಲ್ಲಿ ಕೂಡಿಸಿದರೆ ಅಲ್ಲಿಯೂ ಸಿದ್ಧಿಯಿಲ್ಲ. ಪರೀಕ್ಷೆಯು ಇಬ್ಬರಿಗೂ ಸಮಾನವು.

ಹಳೆಯದಕ್ಕೂ ಹೊಸದಕ್ಕೂ ನಡುವೆ ಇರುವ ಗೋಡೆಯು ಜನರು ಭಾವಿಸುವಷ್ಟು ಎತ್ತರದ್ದಲ್ಲ. ಶಿಶುನಾಳ ಶರೀಫರು ನವಲಗುಂದದ ನಾಗಲಿಂಗಸ್ವಾಮಿಗಳ ಒಡನಾಡಿಗಳಾಗಿದ್ದರೆಂದು ಈ ಸೀಮೆಯಲ್ಲಿ ಪ್ರತೀತಿಯುಂಟು. ಆ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಎಂಬ ಪದವು 2008ರಲ್ಲಿ ರಘು ದೀಕ್ಷಿತರ ತಂಡದ ಮೊದಲ ಆಲ್ಬಮ್ಮಿನಲ್ಲಿ ಗಿಟಾರು, ಡ್ರಮ್ಮುಗಳ ನಡುವೆ ಹೊಸ ತರುಣರ ಕಿವಿಯನ್ನು ಮುಟ್ಟಿತು. ಏಕತಾರಿಯಿಂದ ವಿದ್ಯುತ್ತಿನ ತಂತಿಗೆ ಬಂದರೂ ಒಳಗಿನ ಪ್ರಶ್ನೆಯು ಕೆಡಲಿಲ್ಲ.

ಹೀಗಿರಲು, ‘ಇದು ಮಹತ್ತು’ ಎಂಬ ಮಾತು ಆಜ್ಞೆಯಲ್ಲ, ಸಾಕ್ಷ್ಯ. ಸಾಕ್ಷಿಗೆ ಕರ್ತವ್ಯವುಂಟು: ತನ್ನಲ್ಲಿ ಏನಾಯಿತೆಂಬದನ್ನು ಅವನು ನಿಜವಾಗಿ ಹೇಳಬೇಕು, ಪರರ ಹೊಗಳಿಕೆಯನ್ನು ತನ್ನದೆಂದು ಒಪ್ಪಿಸಬಾರದು. ಕೇಳುವವನಿಗೂ ಕರ್ತವ್ಯವುಂಟು: ಸಾಕ್ಷ್ಯವನ್ನು ಪೂರ್ತಿ ಕೇಳದೆ ತೀರ್ಪು ಕೊಡಬಾರದು. ಹಿಂದೆ ಒಂದು ಗ್ರಾಮೋಫೋನಿನ ಸುತ್ತ ಇಡಿಯ ಓಣಿ ಕೂಡುತ್ತಿತ್ತು. ಇಷ್ಟವಿದ್ದವನೂ ಇಲ್ಲದವನೂ ಒಂದೇ ಹಾಡನ್ನು ಕೊನೆಯವರೆಗೆ ಕೇಳುತ್ತಿದ್ದರು. ಇಂದು ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಲೋಕವಿದೆ; ಬೇಸರವಾದ ಕ್ಷಣವೇ ಹಾಡನ್ನು ಬದಲಿಸುವ ಅನುಕೂಲವೂ ಇದೆ. ಆಲ್ಬಂ ಚೂರುಚೂರಾಗಿ, ಮನೆಯೂ ಹಾಗೆಯೇ ಆಗುತ್ತಿದೆ. ಅಜ್ಜನು ಮೊಮ್ಮಗನ ಆಲ್ಬಮ್ಮಿಗೆ ಒಂದು ಗಂಟೆಯನ್ನೂ, ಮೊಮ್ಮಗನು ಅಜ್ಜನ ಖ್ಯಾಲಿಗೆ ಒಂದು ಗಂಟೆಯನ್ನೂ ನಡುವೆ ಮಾತಾಡದೆ ಕೊಡಬೇಕು. ಅನಂತರವೂ ಮೆಚ್ಚದಿದ್ದರೆ ಮೆಚ್ಚದಿರಲಿ. ಆಗ ಆ ಅಸಮ್ಮತಿಗೂ ಬೆಲೆಯುಂಟು. ಕೇಳದೆ ಹಳಿಯುವವನು ಕೃತಿಗೆ ಕೆಡಕು ಮಾಡಲಾರನು; ತಾನು ಸಹೃದಯನಾಗಬಹುದಾದ ಒಂದು ಬಾಗಿಲನ್ನು ತಾನೇ ಮುಚ್ಚಿಕೊಳ್ಳುವನು.