ಸಾವಿಲ್ಲದ ಮನೆಯ ಸಾಸಿವೆ

ಯಾರಾದರೂ ತೀರಿಕೊಂಡ ಮನೆಗೆ ಹೋದವರು ಬೇರೆ ಮಾತು ತೋಚದಾಗ, ‘ಸಾವಿಲ್ಲದ ಮನೆಯ ಸಾಸಿವೆಯನ್ನು ಎಲ್ಲಿಂದ ತರೋಣ?’ ಎನ್ನುವುದುಂಟು. ಮರಣವು ಸರ್ವಸಾಧಾರಣವಾದುದು, ಆದುದರಿಂದ ಶೋಕವನ್ನು ಬಿಡು ಎಂಬುದೇ ಇದರ ತಾತ್ಪರ್ಯವೆಂದು ಬಹುಕಾಲದಿಂದ ಗ್ರಹಿಸಿಕೊಂಡು ಬಂದಿದ್ದೇವೆ. ಆದರೆ ಈ ನುಡಿಗೆ ಮೂಲವಾದ, ಕೂಸನ್ನು ಕಳೆದುಕೊಂಡ ಕಿಸಾಗೋತಮಿಯ ಕಥೆಯಲ್ಲಿ ಬುದ್ಧನು ಆ ತಾಯಿಗೆ ಮೊದಲು ಯಾವ ತತ್ತ್ವವನ್ನೂ ಬೋಧಿಸಲಿಲ್ಲ; ಸಾವಿಲ್ಲದ ಮನೆಯ ಸಾಸಿವೆಯನ್ನು ತಾ ಎಂದು ನಡೆಯಲು ಕಳುಹಿಸಿದನು. ಸತ್ತ ಕೂಸನ್ನೆತ್ತಿಕೊಂಡು ಅವಳು ಶ್ರಾವಸ್ತಿಯ ಮನೆಮನೆಯ ಹೊಸ್ತಿಲಲ್ಲಿ ನಿಂತಳು. ಸಾಸಿವೆಯೇನೋ ಎಲ್ಲ ಮನೆಗಳಲ್ಲಿಯೂ ಇದ್ದಿತು. ‘ಇಲ್ಲಿ ಯಾರೂ ಸತ್ತಿಲ್ಲವಷ್ಟೆ?’ ಎಂದು ಅವಳು ಕೇಳಿದೊಡನೆ, ಕೊಡಲು ಬಂದ ಗೃಹಿಣಿಯು ತನ್ನ ಮಗನ ಸಾವನ್ನೋ ಗಂಡನ ಸಾವನ್ನೋ ಹೇಳಿಕೊಳ್ಳಬೇಕಾಯಿತು. ಆ ತಾಯಿಗೆ ಸಮಾಧಾನ ದೊರೆತದ್ದು ಪರರ ಶೋಕವನ್ನು ಅವರ ಬಾಯಿಂದಲೇ ಕೇಳಿದುದರಿಂದ ಎಂದು ನಾನು ನಂಬುತ್ತೇನೆ.

ನಮ್ಮೂರಿನ ಮನೆಗಳ ಹೊಸ್ತಿಲಲ್ಲಿಯೂ ಇಂತಹ ಶೋಕವು ಒಮ್ಮೆ ಬಂದು ನಿಂತಿದ್ದಿತು. 2010ರ ಮೇ 22ರ ಪ್ರಾತಃಕಾಲದಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜಪೆಯ ಗುಡ್ಡದ ಮೇಲಿನ ರನ್‌ವೇಯನ್ನು ಮೀರಿ ಕೆಂಜಾರಿನ ಕಣಿವೆಗೆ ಬಿದ್ದು ಉರಿದಾಗ, ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು. ಇಳಿಯುವ ಯತ್ನವನ್ನು ಸಕಾಲದಲ್ಲಿ ಕೈಬಿಡದ ಕ್ಯಾಪ್ಟನ್ನನ ಲೋಪವನ್ನು ತನಿಖೆಯು ಮುಂದೆ ಎತ್ತಿ ತೋರಿತು. ಆದರೆ ಮಡಿದವರ ಮನೆಗಳ ಪ್ರಶ್ನೆ ಅಷ್ಟರಿಂದ ಮುಗಿಯಲಿಲ್ಲ. ಮುಖವೇ ಉಳಿಯದ ಶರೀರಗಳ ನಡುವೆ ತಮ್ಮವರನ್ನು ಉಂಗುರದಿಂದಲೋ, ಕೈಗಡಿಯಾರದಿಂದಲೋ, ಸುಡದುಳಿದ ಬಟ್ಟೆಯ ತುಂಡಿನಿಂದಲೋ ಗುರುತಿಸಬೇಕಾದ ದಾರುಣ ಕರ್ತವ್ಯವು ಬಂಧುಗಳ ಪಾಲಿಗೆ ಬಂದಿತು. ಉಳಿದವುಗಳಿಗಾಗಿ ಹೈದರಾಬಾದಿನಲ್ಲಿ ಡಿಎನ್ಎ ಪರೀಕ್ಷೆ ನಡೆದರೂ, 12 ಶರೀರಗಳಿಗೆ ವಾರಸುದಾರರು ಗೊತ್ತಾಗದೆ, ಅವುಗಳನ್ನು ಕೂಳೂರು–ತಣ್ಣೀರುಬಾವಿ ರಸ್ತೆಯ ಬದಿಯಲ್ಲಿ, ಫಲ್ಗುಣಿ ನದಿಯ ಹತ್ತಿರ ಒಟ್ಟಿಗೆ ಮಣ್ಣುಮಾಡಿದರು. ಅವಸರದಲ್ಲಿ ಕೆಲವು ಶರೀರಗಳು ಗುರುತು ತಪ್ಪಿ ಬೇರೆ ಮನೆಗಳನ್ನು ಸೇರಿರಬಹುದೆಂಬ ಅನುಮಾನವು ಅಂದೇ ಮೂಡಿದ್ದಿತು.

ಕಾದಂಬರಿಕಾರನೊಬ್ಬನು ಕೈಯಿಡಬೇಕಾದ ಎಡೆಯು ಇದೇ ಎಂದು ನನಗೆ ಅನ್ನಿಸುತ್ತದೆ. ಬಂಟ್ವಾಳದ ಕಡೆಯ ಒಂದು ಮನೆ, ಕಾಸರಗೋಡಿನ ಕಡೆಯ ಮತ್ತೊಂದು ಮನೆ ಎಂದಿಟ್ಟುಕೊಳ್ಳೋಣ: ಒಂದು ಮನೆಯವರು ಪರರ ಮಗನನ್ನು ತಮ್ಮವನೆಂದೇ ತಿಳಿದು ಶ್ರದ್ಧೆಯಿಂದ ಉತ್ತರಕ್ರಿಯೆಗಳನ್ನು ನೆರವೇರಿಸಿದ್ದಾರೆ; ಇನ್ನೊಂದು ಮನೆಯವರಿಗೆ ಗೋರಿಯೂ ಇಲ್ಲ, ಬೂದಿಯೂ ಇಲ್ಲ. ಎರಡನೆಯ ಮನೆಯ ತಾಯಿಯು ಮೊದಲನೆಯ ಮನೆಯ ಜಗಲಿಯನ್ನು ಹತ್ತಿ ಏನೆಂದು ಕೇಳಿಯಾಳು? ಬೇರೆ ದೇವರು, ಬೇರೆ ಮನೆಮಾತಿನ ಮೊದಲನೆಯ ತಾಯಿಯು, ಅತ್ತು ಅತ್ತು ಹೇಗೋ ಕಟ್ಟಿಕೊಂಡ ತನ್ನ ಸಮಾಧಾನವನ್ನು ಒಡೆಯಲು ಬಂದವಳಿಗೆ ‘ಬನ್ನಿ, ಕೂತುಕೊಳ್ಳಿ’ ಎಂದಾಳೆ? ಶ್ರಾವಸ್ತಿಯ ಗೃಹಿಣಿಯು ಇಂತಹ ಕಠಿನ ಪರೀಕ್ಷೆಗೆ ಒಳಗಾಗಿರಲಿಲ್ಲ. ಅವಳ ಸಾವು ಅವಳದೇ ಆಗಿದ್ದಿತು. ಇಲ್ಲಿ ಬಾಗಿಲು ತೆರೆಯುವವಳು ತನ್ನ ಸಾವನ್ನೇ ಎದುರಿನವಳಿಗೆ ಬಿಟ್ಟುಕೊಡಬೇಕಾಗಬಹುದು. ಆದರೂ ಅವಳು ಬಾಗಿಲು ತೆರೆಯುವಳೆಂದೇ ನನ್ನ ವಿಶ್ವಾಸ; ಏಕೆಂದರೆ ಶವಾಗಾರದ ಮುಂದೆ ಕಾದ ಆ ಹೊತ್ತುಗಳಲ್ಲಿ ಈ ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿದ್ದವರಾಗಿರಬೇಕು. ಈ ಕಥೆಯನ್ನು ಕನ್ನಡದಲ್ಲಾಗಲಿ, ತುಳು, ಬ್ಯಾರಿ, ಕೊಂಕಣಿಗಳಲ್ಲಾಗಲಿ ನಮ್ಮೂರಿನವರೊಬ್ಬರು ಬರೆಯಬೇಕು.